ಸೇವ್ ಮಾಡಿದ್ದೆನಲ್ಲ ಸರ್!

ನಾನು ಕಲಿಸುವ ಕಂಪ್ಯೂಟರ್ ಬೇಸಿಕ್ಸ್ ಬ್ಯಾಚಿನ ಕೊನೇ ದಿನದ ಪ್ರಾಕ್ಟಿಕಲ್ ಪರೀಕ್ಷೆ. 22 ಸಿಸ್ಟಂ, ಎರಡು ಗಂಟೆ. ವರ್ಡ್‌ನಲ್ಲಿ ಕನ್ನಡದಲ್ಲೊಂದು ಅರ್ಜಿ, ಎಕ್ಸೆಲ್‌ನಲ್ಲೊಂದು ಟೇಬಲ್, ಎರಡನ್ನೂ ತಮ್ಮ ರಿಜಿಸ್ಟರ್ ನಂಬರಿನ ಫೋಲ್ಡರಿಗೆ ಹಾಕಿ ಕೊಡಬೇಕು. ಒಂದೂವರೆ ಗಂಟೆ ಕಳೆದಾಗ 14ನೇ ಸಿಸ್ಟಂನಲ್ಲಿ ವರ್ಡ್ ನಿಂತುಹೋಯಿತು. ಪರದೆ ಬಿಳಚಿಕೊಂಡು ಮೇಲಿನ ಪಟ್ಟಿಯಲ್ಲಿ ‘ನಾಟ್ ರೆಸ್ಪಾಂಡಿಂಗ್’ ಬಂತು. ಅಲ್ಲಿ ಕೂತಿದ್ದ ಅಂಗನವಾಡಿ ಕಾರ್ಯಕರ್ತೆ ಕೈ ಎತ್ತಿದರು. ಆಚೆ ತುದಿಯಲ್ಲಿ ಪ್ರಿಂಟರಿನ ಪೇಪರ್ ಜಾಮ್ ಬಿಡಿಸುತ್ತಿದ್ದ ನಾನು ತಲೆ ಎತ್ತದೆಯೇ ಹೇಳಿಬಿಟ್ಟೆ: “ಹ್ಯಾಂಗ್ ಆಗಿದೆ ಅಕ್ಕಾ, ರೀಸ್ಟಾರ್ಟ್ ಮಾಡಿ.”

ಅವರು ಹೇಳಿಕೊಟ್ಟ ಹಾಗೆಯೇ ಮಾಡಿದರು. ಕಂಟ್ರೋಲ್, ಆಲ್ಟ್, ಡಿಲೀಟ್, ಬಲಗಡೆ ಕೆಳಮೂಲೆಯ ಪವರ್ ಗುರುತು, ರೀಸ್ಟಾರ್ಟ್, ವರ್ಡ್ ಅಡ್ಡ ಬಂದಾಗ ‘ರೀಸ್ಟಾರ್ಟ್ ಎನಿವೇ’. ಹಳೇ ಹಾರ್ಡ್ ಡಿಸ್ಕ್ ಆದ್ದರಿಂದ ಮೇಲೆದ್ದು ಬರಲು ಮೂರು ನಿಮಿಷ ಹಿಡಿಯಿತು. ಡೆಸ್ಕ್‌ಟಾಪ್ ಬಂದಾಗ ಅದರಲ್ಲಿ ರೀಸೈಕಲ್ ಬಿನ್ ಇತ್ತು, ದಿಸ್ ಪಿಸಿ ಇತ್ತು. ಅವರ ಫೋಲ್ಡರ್ ಇರಲಿಲ್ಲ.

“ಸೇವ್ ಮಾಡಿದ್ದೆನಲ್ಲ ಸರ್! ಐದೈದು ನಿಮಿಷಕ್ಕೆ ಕಂಟ್ರೋಲ್ ಎಸ್ ಒತ್ತಿದ್ದೇನೆ.”

ಒತ್ತಿದ್ದು ನಿಜ. ಪಕ್ಕದವರೂ ನೋಡಿದ್ದಾರೆ. ಆದರೆ ಒತ್ತಿದ್ದು ಡೆಸ್ಕ್‌ಟಾಪ್‌ನಲ್ಲಿದ್ದ ಫೋಲ್ಡರಿಗೆ. ಡೆಸ್ಕ್‌ಟಾಪ್ ಇರುವುದು ಸಿ ಡ್ರೈವ್‌ನ ಯೂಸರ್ಸ್ ಫೋಲ್ಡರಿನೊಳಗೆ, ಮತ್ತು ನಮ್ಮ ಲ್ಯಾಬಿನ ಸಿ ಡ್ರೈವ್ ಪೂರ್ತಿ ಫ್ರೀಜ್, ಅಂದರೆ ಯಾರು ಏನು ಬದಲಿಸಿದರೂ ಉಳಿಯದಂತೆ ಸಾಫ್ಟ್‌ವೇರ್ ಬೀಗ ಹಾಕಿದೆ. ಫ್ರೀಜ್ ಹಾಕಿದ ಡ್ರೈವ್‌ಗೆ ಏನೇ ಬರೆದರೂ ಅದು ಬೇರೆ ಒಂದು ತಾತ್ಕಾಲಿಕ ಜಾಗಕ್ಕೆ ಹೋಗುತ್ತದೆ. ಸಿಸ್ಟಂ ಓಡುತ್ತಿರುವಷ್ಟು ಹೊತ್ತು ಫೈಲ್ ಇದ್ದಲ್ಲೇ ಇದ್ದಂತೆ ಕಾಣುತ್ತದೆ, ತೆರೆಯುತ್ತದೆ, ಪ್ರಿಂಟೂ ಆಗುತ್ತದೆ. ರೀಸ್ಟಾರ್ಟ್ ಆದ ಕ್ಷಣ ಆ ತಾತ್ಕಾಲಿಕ ಲೆಕ್ಕವನ್ನೆಲ್ಲ ಬಿಟ್ಟು ಡ್ರೈವ್ ಮೊದಲಿನ ಸ್ಥಿತಿಗೆ ಮರಳುತ್ತದೆ. ವರ್ಡ್ ತಾನಾಗಿ ಹತ್ತು ನಿಮಿಷಕ್ಕೊಮ್ಮೆ ಇಟ್ಟುಕೊಳ್ಳುವ ಆಟೋ ರಿಕವರ್ ಪ್ರತಿಯೂ ಅದೇ ಸಿ ಡ್ರೈವ್‌ನಲ್ಲಿರುವುದರಿಂದ ಅದೂ ಹೋಯಿತು. ಅಂದರೆ ಅವರ ಕೆಲಸವನ್ನು ಅಳಿಸಿದ್ದು ಹ್ಯಾಂಗ್ ಅಲ್ಲ, ನಾನು ಹೇಳಿದ ಒಂದು ಮಾತು.

ಅದು ಕೊಡಬೇಕಾದ ಸಲಹೆಯೇ ಆಗಿರಲಿಲ್ಲ. ಒಂದು ಕಿಟಕಿ ಐದು ಸೆಕೆಂಡು ಉತ್ತರ ಕೊಡದಿದ್ದರೆ ವಿಂಡೋಸ್ ಅದನ್ನು ‘ನಾಟ್ ರೆಸ್ಪಾಂಡಿಂಗ್’ ಎಂದು ಗುರುತಿಸುತ್ತದೆ, ಅಷ್ಟೇ. ಪ್ರೋಗ್ರಾಂ ಸತ್ತಿದೆ ಎಂದು ಅದರ ಅರ್ಥವಲ್ಲ. ಎಷ್ಟೋ ಸಲ ಅದು ಡಿಸ್ಕ್‌ಗಾಗಿ ಸರದಿಯಲ್ಲಿ ಕಾಯುತ್ತಿರುತ್ತದೆ. ಆಗ ಮೊದಲು ಮೌಸ್‌ನಿಂದ ಕೈ ತೆಗೆಯಬೇಕು. ಗಾಬರಿಯಲ್ಲಿ ಒತ್ತಿದ ಹತ್ತು ಕ್ಲಿಕ್‌ಗಳೂ ಸಾಲಿನಲ್ಲಿ ನಿಂತು ಆಮೇಲೆ ಒಟ್ಟಿಗೆ ನುಗ್ಗಬಹುದು. ಕ್ಯಾಬಿನೆಟ್ ಮೇಲಿನ ಡಿಸ್ಕ್ ದೀಪ ಮಿನುಗುತ್ತಿದೆಯೇ ನೋಡಿ. ಮಿನುಗುತ್ತಿದ್ದರೆ ಎರಡು ನಿಮಿಷ ಕಾಯಿರಿ. ಆಮೇಲೂ ಬರದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ‘ಡಿಸ್ಕ್’ ಕಾಲಂ ತಲೆಯ ಮೇಲೆ ಒಮ್ಮೆ ಕ್ಲಿಕ್ ಮಾಡಿ. ಯಾರು ಡಿಸ್ಕ್ ತಿನ್ನುತ್ತಿದ್ದಾರೋ ಅವರು ಮೇಲೆ ಬರುತ್ತಾರೆ. ಕೊನೆಗೂ ಸಾಧ್ಯವಾಗದಿದ್ದರೆ ವರ್ಡ್ ಒಂದನ್ನೇ ಆಯ್ದು ‘ಎಂಡ್ ಟಾಸ್ಕ್’. ಸಿಸ್ಟಂ ಎದ್ದೇ ಇರುವುದರಿಂದ ಸೇವ್ ಮಾಡಿದ ಫೈಲ್ ಇರುತ್ತದೆ, ಮತ್ತೆ ವರ್ಡ್ ತೆರೆದಾಗ ಎಡಗಡೆ ರಿಕವರಿ ಪಟ್ಟಿಯೂ ಸಾಮಾನ್ಯವಾಗಿ ಬರುತ್ತದೆ. ಅವತ್ತು ಇಷ್ಟು ಮಾಡಿದ್ದರೆ ಆ ಅಕ್ಕನ ಒಂದೂವರೆ ಗಂಟೆ ಉಳಿಯುತ್ತಿತ್ತು.

ಡಿಸ್ಕ್ ತಿನ್ನುತ್ತಿದ್ದುದು ಏನೆಂದು ಮಧ್ಯಾಹ್ನ ಬೇರೆ ಸಿಸ್ಟಂಗಳಲ್ಲಿ ನೋಡಿದೆ. ಎಲ್ಲದರಲ್ಲೂ ಡಿಸ್ಕ್ 100%, ಎಲ್ಲದರಲ್ಲೂ ವಿಂಡೋಸ್ ಅಪ್‌ಡೇಟ್. ಫ್ರೀಜ್ ಹಾಕಿ ಅಪ್‌ಡೇಟ್ ನಿಲ್ಲಿಸದಿದ್ದರೆ ಆಗುವುದೇ ಇದು. ಬೆಳಿಗ್ಗೆ ಇಳಿಸಿಕೊಂಡದ್ದು ರೀಸ್ಟಾರ್ಟ್‌ನಲ್ಲಿ ಮಾಯವಾಗುತ್ತದೆ, ಮರುದಿನ ಅದೇ ಅಪ್‌ಡೇಟ್ ಮತ್ತೆ ಇಳಿಯುತ್ತದೆ. ಎಷ್ಟು ದಿನದಿಂದ ನಡೆಯುತ್ತಿತ್ತೋ. ಫ್ರೀಜ್ ತೆಗೆದು, ಅಪ್‌ಡೇಟ್ ಮುಗಿಸಿ, ಮತ್ತೆ ಹಾಕಲು ತಿಂಗಳಿಗೊಂದು ಸಂಜೆ ಕೊಡಿ ಎಂದು ಮ್ಯಾನೇಜ್‌ಮೆಂಟನ್ನು ಕೇಳಿದ್ದೇನೆ. ಫ್ರೀಜ್ ತೆಗೆಯುವ ಪಾಸ್‌ವರ್ಡ್ ಎಎಂಸಿಯವರ (ವಾರ್ಷಿಕ ನಿರ್ವಹಣೆ ಗುತ್ತಿಗೆಯವರ) ಹತ್ತಿರ ಇದೆ, ಅವರು ಬರುವುದು ಕಂಪ್ಲೇಂಟ್ ಕೊಟ್ಟ ಮೇಲೆ. ಫ್ರೀಜ್ ಬೇಡವೆಂದು ನಾನು ಹೇಳುವುದಿಲ್ಲ. ದಿನಕ್ಕೆ ನಾಲ್ಕು ಬ್ಯಾಚ್ ಕೂರುವ ಲ್ಯಾಬಿನಲ್ಲಿ ಅದಿಲ್ಲದೆ ವಾರ ತಳ್ಳುವುದೂ ಕಷ್ಟ. ಆದರೆ ಫ್ರೀಜ್ ಇರುವ ವಿಷಯ ಕಲಿಯುವವರಿಗೆ ಗೊತ್ತಿರಲೇಬೇಕು. ಫ್ರೀಜ್ ಇಲ್ಲದ ಡಿ ಡ್ರೈವ್ ಎಲ್ಲ ಸಿಸ್ಟಂನಲ್ಲೂ ಇದೆ. ಅದನ್ನು ತೋರಿಸುವ ಒಂದು ಚೀಟಿಯೂ ಎಲ್ಲೂ ಅಂಟಿಸಿರಲಿಲ್ಲ.

ಇದಕ್ಕೆ ಗಟ್ಟಿ ಪರಿಹಾರವೊಂದಿದೆ, ಮನೆ ಸಿಸ್ಟಂಗೂ ಒಳ್ಳೆಯದು. ಫೈಲ್ ಎಕ್ಸ್‌ಪ್ಲೋರರಿನಲ್ಲಿ ಡೆಸ್ಕ್‌ಟಾಪ್ ಫೋಲ್ಡರಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ‘ಲೊಕೇಶನ್’ ಟ್ಯಾಬ್, ‘ಮೂವ್’. ಡಿ ಡ್ರೈವ್‌ನಲ್ಲಿ ಮೊದಲೇ ಮಾಡಿಟ್ಟ ಫೋಲ್ಡರನ್ನು ತೋರಿಸಿ ಅಪ್ಲೈ. ಡಾಕ್ಯುಮೆಂಟ್ಸ್‌ಗೂ ಹಾಗೆಯೇ. ಡಿ ಡ್ರೈವ್‌ನ ಬೇರನ್ನೇ ತೋರಿಸಬೇಡಿ, ಒಳಗಿನ ಫೋಲ್ಡರ್ ತೋರಿಸಿ. ಇಲ್ಲದಿದ್ದರೆ ಇಡೀ ಡ್ರೈವ್ ಡೆಸ್ಕ್‌ಟಾಪ್ ಆಗಿ ಕೂರುತ್ತದೆ, ಬಿಡಿಸುವುದು ತಲೆನೋವು. ಫ್ರೀಜ್ ಲ್ಯಾಬಿನಲ್ಲಿ ಇದನ್ನು ಫ್ರೀಜ್ ತೆಗೆದಾಗಲೇ ಮಾಡಬೇಕು, ಇಲ್ಲದಿದ್ದರೆ ಈ ಬದಲಾವಣೆಯೂ ರೀಸ್ಟಾರ್ಟ್‌ಗೆ ಹೋಗುತ್ತದೆ.

ಆದರೆ ನನ್ನನ್ನು ಇನ್ನೂ ಚುಚ್ಚುವುದು ಪಾಠದ ಕ್ರಮ. ಬೇಸಿಕ್ಸ್ ಎಂದರೆ ಮಾನಿಟರ್, ಕೀಬೋರ್ಡ್, ಸಿಪಿಯು ಎಂದು ಬಾಯಿಪಾಠ ಮಾಡಿಸಿ, ಪೇಂಟ್‌ನಲ್ಲಿ ಮನೆ ಬಿಡಿಸಿಸಿ, ನೇರ ವರ್ಡ್‌ಗೆ ಹೋಗುವುದು ನಮ್ಮಲ್ಲಿ ರೂಢಿ. ಆಪರೇಟಿಂಗ್ ಸಿಸ್ಟಂ ಎಂದರೇನು ಎಂಬ ಪ್ರಶ್ನೆಗೆ ‘ಬಳಕೆದಾರನಿಗೂ ಯಂತ್ರಕ್ಕೂ ನಡುವಿನ ಸೇತುವೆ’ ಎಂಬ ಉತ್ತರವನ್ನು ಎಲ್ಲರೂ ಬರೆಯುತ್ತಾರೆ. ಆ ಉತ್ತರದಿಂದ ಫೈಲ್ ಎಲ್ಲಿದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮನ್ನು ನೆನೆಸಿಕೊಳ್ಳಿ ಎಂದರೆ ಬೇಗ ಅರ್ಥವಾಗುತ್ತದೆ. ಮೇಜಿನ ಮೇಲೆ ಬಿಚ್ಚಿಟ್ಟ ಕಡತ ರ‍್ಯಾಮ್‌ನಲ್ಲಿರುವುದು. ಕರೆಂಟು ಹೋದರೆ ಮೇಜು ಖಾಲಿ. ರೆಕಾರ್ಡ್ ರೂಮಿನ ಬೀರು ಡಿಸ್ಕ್. ಯಾವ ಬೀರು, ಯಾವ ಅರೆ, ಯಾವ ಕಟ್ಟು ಎಂದು ರಿಜಿಸ್ಟರ್ ಇಟ್ಟುಕೊಂಡು ಒಯ್ಯುವ, ತರುವ ಗುಮಾಸ್ತನೇ ವಿಂಡೋಸ್. ಕಂಟ್ರೋಲ್ ಎಸ್ ಎಂದರೆ ಅವನ ಕೈಗೆ ಕಡತ ಕೊಟ್ಟಂತೆ. ಯಾವ ಬೀರುವಿಗೆ ಎಂದು ನಾವು ಹೇಳದಿದ್ದರೆ ಅವನು ತನಗೆ ರೂಢಿಯಿದ್ದಲ್ಲಿ ಇಡುತ್ತಾನೆ.

ಆ ‘ಯಾವ ಬೀರು’ ಎಂಬುದನ್ನು ಹೇಳಲು ಎಫ್12 ಒತ್ತುವುದನ್ನು ಮೊದಲ ದಿನವೇ ಕಲಿಸಿ. ಈಗಿನ ವರ್ಡ್, ಎಕ್ಸೆಲ್‌ನಲ್ಲಿ ಕಂಟ್ರೋಲ್ ಎಸ್ ಒತ್ತಿದರೆ ಬರುವ ಚಿಕ್ಕ ಚೌಕದಲ್ಲಿ ಹೊಸಬರಿಗೆ ಜಾಗ ಎಲ್ಲಿ ಎಂದು ತಿಳಿಯುವುದಿಲ್ಲ. ಎಫ್12 ಒತ್ತಿದರೆ ಪೂರ್ತಿ ‘ಸೇವ್ ಆ್ಯಸ್’ ಕಿಟಕಿ ನೇರ ತೆರೆಯುತ್ತದೆ. ಎಡಗಡೆ ದಿಸ್ ಪಿಸಿ, ಅದರಲ್ಲಿ ಡಿ, ಅದರಲ್ಲಿ ತಮ್ಮ ಫೋಲ್ಡರ್. ಕೆಲವು ಲ್ಯಾಪ್‌ಟಾಪ್‌ನಲ್ಲಿ ಎಫ್‌ಎನ್ ಕೀ ಜೊತೆಗೆ ಒತ್ತಬೇಕು. ಸೇವ್ ಆದ ಮೇಲೆ ಮೇಲಿನ ಪಟ್ಟಿಯಲ್ಲಿ ‘ಡಾಕ್ಯುಮೆಂಟ್1’ ಹೋಗಿ ಕೊಟ್ಟ ಹೆಸರು ಬಂತೇ ಎಂದು ಓದಿಸಿ. ಸಿ, ಡಿ ಇದೆ, ಎ, ಬಿ ಎಲ್ಲಿ ಸರ್ ಎಂದು ಪ್ರತಿ ಬ್ಯಾಚಿನಲ್ಲೂ ಒಬ್ಬರು ಕೇಳುತ್ತಾರೆ. ಅವೆರಡು ಹಳೇ ಕಾಲದ ಫ್ಲಾಪಿ ಡಿಸ್ಕ್‌ಗೆ ಮೀಸಲಿದ್ದ ಅಕ್ಷರಗಳು. ಫ್ಲಾಪಿ ಹೋದರೂ ಹಾರ್ಡ್ ಡಿಸ್ಕ್ ಎಣಿಕೆ ಸಿಯಿಂದಲೇ ಉಳಿಯಿತು.

ಕೈ ಕೂರದವರಿಗೆ ಡಬಲ್ ಕ್ಲಿಕ್ ದೊಡ್ಡ ಕಾಟ. ಎರಡು ಕ್ಲಿಕ್ ನಡುವೆ ಮೌಸ್ ಜಾರಿದರೆ ಐಕಾನ್ ಎಳೆದುಕೊಂಡು ಬೇರೆ ಫೋಲ್ಡರಿನೊಳಗೆ ಬೀಳುತ್ತದೆ, ಮತ್ತೆ ‘ಫೈಲ್ ಹೋಯ್ತು ಸರ್’. ತಕ್ಷಣ ಕಂಟ್ರೋಲ್ ಝಡ್ ಒತ್ತಿದರೆ ವಾಪಸ್ ಬರುತ್ತದೆ. ನಿಧಾನವಾಗಿ ಎರಡು ಸಲ ಒತ್ತಿದರೆ ಹೆಸರು ಬದಲಿಸುವ ಡಬ್ಬಿ ತೆರೆದುಕೊಳ್ಳುತ್ತದೆ. ಎಸ್ಕೇಪ್ ಒತ್ತಿ ಹೊರಬನ್ನಿ. ಇವರಿಗೆಲ್ಲ ಒಂದು ಕ್ಲಿಕ್, ಆಮೇಲೆ ಎಂಟರ್ ಸಾಕು. ಯಾರಿಗೂ ನಾಚಿಕೆ ಬೇಡ.

ಹೋಗಿದೆ ಎಂದು ಕಂಡರೂ ಹೋಗದಿರುವ ಫೈಲುಗಳನ್ನು ಗುರುತಿಸಲು ಕಲಿಸುವುದೂ ಅಷ್ಟೇ ಮುಖ್ಯ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪತ್ರ ಆ ಫಾಂಟಿಲ್ಲದ ಸಿಸ್ಟಂನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ವೈರಸ್ ಎಂದು ಅಳಿಸಿಬಿಟ್ಟವರನ್ನು ನೋಡಿದ್ದೇನೆ. ಫಾಂಟ್ ಹಾಕಿದರೆ ಕನ್ನಡ ಮರಳುತ್ತದೆ. ಹೊಸದಾಗಿ ಟೈಪ್ ಮಾಡುವುದಾದರೆ ಬೇರೆ ಸಿಸ್ಟಂನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ನಲ್ಲೇ ಮಾಡಿ. ಪೆನ್ ಡ್ರೈವ್‌ನಲ್ಲಿ ಬರೀ ಶಾರ್ಟ್‌ಕಟ್ ಕಾಣುತ್ತಿದೆಯೇ? ಅದನ್ನು ತೆರೆಯಬೇಡಿ, ತೆರೆದರೆ ವೈರಸ್ಸೇ ಓಡುತ್ತದೆ. ಡ್ರೈವ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್ ನೋಡಿ: ಒಳಗೆ ಏನೂ ಕಾಣದಿದ್ದರೂ 3 ಜಿಬಿ ಬಳಕೆಯಾಗಿದೆ ಎಂದಿದ್ದರೆ ಫೈಲುಗಳು ಅಡಗಿವೆ ಎಂದರ್ಥ. ಆ್ಯಂಟಿವೈರಸ್ ಓಡಿಸಿದ ಮೇಲೆ ‘ಹಿಡನ್ ಐಟಮ್ಸ್’ಗೆ ಟಿಕ್ ಹಾಕಿ, ಅಷ್ಟಕ್ಕೆ ಬರದಿದ್ದರೆ ಫೋಲ್ಡರ್ ಆಪ್ಷನ್ಸ್‌ನಲ್ಲಿ ‘ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಂ ಫೈಲ್ಸ್’ ಟಿಕ್ ತೆಗೆಯಿರಿ, ಕೆಲಸ ಮುಗಿದ ಮೇಲೆ ಮತ್ತೆ ಹಾಕಿ. ಪೆನ್ ಡ್ರೈವ್‌ನಿಂದ ಡಿಲೀಟ್ ಮಾಡಿದ್ದು ಮಾತ್ರ ರೀಸೈಕಲ್ ಬಿನ್‌ಗೆ ಬರುವುದಿಲ್ಲ, ಶಿಫ್ಟ್ ಹಿಡಿದು ಡಿಲೀಟ್ ಮಾಡಿದ್ದೂ ಬರುವುದಿಲ್ಲ.

ಇನ್ನು ರೀಸ್ಟಾರ್ಟ್ ಬಗ್ಗೆ. ಮನೆ ಸಿಸ್ಟಂನಲ್ಲಿ ಅದು ಒಳ್ಳೆಯ ಮದ್ದೇ, ಶಟ್‌ಡೌನ್‌ಗಿಂತ ಒಳ್ಳೆಯದು. ವಿಂಡೋಸ್ 8ರಿಂದ ಬಂದ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ, ಶಟ್‌ಡೌನ್ ಮಾಡಿದರೂ ವಿಂಡೋಸ್‌ನ ಒಳತಿರುಳು ಹಾಗೆಯೇ ಡಿಸ್ಕ್‌ಗೆ ಇಳಿದು ಮರುದಿನ ಹಾಗೆಯೇ ಎದ್ದುಬರುತ್ತದೆ. ಹಳೇ ತೊಂದರೆಯೂ ಜೊತೆಗೇ ಬರಬಹುದು. ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಟ್ಯಾಬಿನಲ್ಲಿ ‘ಅಪ್ ಟೈಮ್’ ನೋಡಿ: ರೋಜೂ ಆರಿಸುವ ಸಿಸ್ಟಂ ಹತ್ತು ದಿನದಿಂದ ಓಡುತ್ತಿದೆ ಎಂದು ತೋರಿಸುತ್ತಿರುತ್ತದೆ. ರೀಸ್ಟಾರ್ಟ್ ಪೂರ್ತಿ ಹೊಸದಾಗಿ ಎಬ್ಬಿಸುತ್ತದೆ. ಆದರೆ ಆ ಮದ್ದು ಕೊಡುವ ಮೊದಲು ಫೈಲ್ ಯಾವ ಡ್ರೈವ್‌ನಲ್ಲಿದೆ ಎಂದು ಕೇಳಲೇಬೇಕು. ಅವತ್ತು ನಾನು ಕೇಳಲಿಲ್ಲ.

ಈಗ ಮೊದಲ ತರಗತಿಯಲ್ಲಿ ಪೇಂಟ್ ಇಲ್ಲ. ನೋಟ್‌ಪ್ಯಾಡ್‌ನಲ್ಲಿ ತಮ್ಮ ಹೆಸರು ಟೈಪ್ ಮಾಡಿ ಎರಡು ಕಡೆ ಸೇವ್ ಮಾಡುತ್ತಾರೆ, ಒಂದು ಡೆಸ್ಕ್‌ಟಾಪ್‌ನಲ್ಲಿ, ಒಂದು ಡಿಯಲ್ಲಿ. ಎಲ್ಲ ಸಿಸ್ಟಂ ಒಟ್ಟಿಗೆ ರೀಸ್ಟಾರ್ಟ್. ಚಹಾ ಕುಡಿದು ಬಂದು ಎರಡನ್ನೂ ಹುಡುಕುತ್ತಾರೆ. ಡೆಸ್ಕ್‌ಟಾಪ್‌ನದು ಸಿಗುವುದಿಲ್ಲ. ಯಾಕೆ ಎಂದು ಅವರೇ ಕೇಳುವವರೆಗೆ ನಾನು ಬಾಯಿ ತೆರೆಯುವುದಿಲ್ಲ.

ಮರುಪರೀಕ್ಷೆಗೆ ಮುಂದಿನ ಗುರುವಾರ ಮ್ಯಾನೇಜ್‌ಮೆಂಟ್ ಒಪ್ಪಿತು, ಎರಡು ಸಲ ಕೇಳಿದ ಮೇಲೆ. ಆ ಅಕ್ಕ ಅದೇ 14ನೇ ಸಿಸ್ಟಂನಲ್ಲಿ ಕೂತರು. ಮುಗಿದ ಮೇಲೆ ನನ್ನನ್ನು ಕರೆದು ಫೈಲ್ ಮೆನುವಿನ ‘ಇನ್ಫೋ’ ತೆರೆದು, ಹೆಸರಿನ ಕೆಳಗೆ ಇದ್ದ ಸಾಲಿನ ಮೇಲೆ ಬೆರಳಿಟ್ಟು ಡಿ ಡ್ರೈವ್, ಬ್ಯಾಚ್ ನಂಬರ್, ರಿಜಿಸ್ಟರ್ ನಂಬರ್ ಎಂದು ಒಂದೊಂದಾಗಿ ಓದಿದರು. ಆಮೇಲೆ ಪೆನ್ ಡ್ರೈವ್‌ಗೂ ಒಂದು ಪ್ರತಿ ಹಾಕಿ, ‘ಇಜೆಕ್ಟ್’ ಕೊಟ್ಟು, ತೆಗೆಯಬಹುದು ಎಂಬ ಸೂಚನೆ ಬಂದ ಮೇಲೆಯೇ ಕೈ ಹಚ್ಚಿದರು.