ಸೀಸ ಕೊಡುವ ಮುಂಚೆ ಬೋಟಿನ ವೇಗ ಕೇಳಬೇಕಿತ್ತು

ಬೆಳಗಾವಿಯಲ್ಲಿ ನನ್ನದು ಗಾಳದ ಸಾಮಾನಿನ ಸಣ್ಣ ಅಂಗಡಿ. ಸಮುದ್ರವೇ ಇಲ್ಲದ ಊರಲ್ಲಿ ಸಮುದ್ರದ ಸಾಮಾನು ಯಾರು ಕೊಳ್ತಾರೆ ಅನಿಸಬಹುದು. ಬಹಳ ಜನ ಕೊಳ್ತಾರೆ. ಚೋರ್ಲಾ ಘಾಟ್ ಇಳಿದರೆ ಗೋವಾ, ಅಲ್ಲಿಂದ ಮೇಲಕ್ಕೆ ಮಾಲ್ವಣ, ಕೆಳಕ್ಕೆ ಕಾರವಾರ. ಶನಿವಾರ ರಾತ್ರಿ ಹೊರಟು ಭಾನುವಾರ ಬೆಳಗ್ಗೆ ಬೋಟ್ ಹತ್ತುವವರ ಗುಂಪುಗಳೇ ಇವೆ.

ಟಿಳಕವಾಡಿಯ ಕಾಕಾ ಒಬ್ಬರು ಹಾಗೆ ಹೊರಟಿದ್ದರು. ಸುರಮೈ (ಅಂಜಲ್ ಮೀನು) ಹಿಡಿಯಬೇಕು, ಬೋಟಿನ ಹಿಂದೆ ಎಳೆಯುವ ಲ್ಯೂರ್, ಅಂದರೆ ನಕಲಿ ಮೀನು, ಆಳಕ್ಕೆ ಇಳಿಯಬೇಕು ಅಂದರು. ನಾನು 300 ಗ್ರಾಂ ತೂಕದ ಸೀಸದ ಗುಂಡು ನಾಲ್ಕು ಕಟ್ಟಿ ಕೊಟ್ಟೆ. ಬೇರೆ ಏನೂ ಕೇಳಲಿಲ್ಲ. ಮರುವಾರ ಅವರು ಗುಂಡುಗಳನ್ನು ತಂದು ಗಾಜಿನ ಮೇಲೆ ಇಟ್ಟರು.

“ತಮ್ಮಾ, ನೀ ಕೊಟ್ಟ ಸೀಸಾ ನೀರಾಗ ಮುಳಗವಲ್ದಲ್ಲೋ!”

ನನಗೆ ಅರ್ಥವಾಗಲಿಲ್ಲ. ಸೀಸ ಮುಳುಗದೆ ಇರುತ್ತಾ? ಮುಂದಿನ ಸಲ ಅವರ ಜೊತೆ ನಾನೂ ಕಾರವಾರಕ್ಕೆ ಹೋದೆ.

ದೇವಗಡ ದ್ವೀಪ ದಾಟಿದ ಮೇಲೆ ಲ್ಯೂರ್ ಬಿಟ್ಟೆವು. ಬೋಟ್ 6 ನಾಟ್‌ನಲ್ಲಿ ಓಡ್ತಾ ಇತ್ತು, ಅಂದರೆ ಗಂಟೆಗೆ ಸುಮಾರು 11 ಕಿಲೋಮೀಟರ್. ನೀರೊಳಗಿನ ಮೀನು ತೋರಿಸುವ ಫಿಶ್ ಫೈಂಡರ್‌ನಲ್ಲಿ ಸಣ್ಣ ಮೀನಿನ ಹಿಂಡು 12ರಿಂದ 15 ಮೀಟರ್ ಆಳದಲ್ಲಿ ಕಾಣುತ್ತಿತ್ತು. ಹಿಂಡು ಎಲ್ಲಿದೆಯೋ ಅದನ್ನು ತಿನ್ನುವ ಸುರಮೈಯೂ ಅಲ್ಲೇ ಹತ್ತಿರ ಇರುತ್ತದೆ. ಬೋಟ್ ನಡೆಸುವ ತಾಂಡೇಲರು ನನ್ನ ಹೆಗಲು ತಟ್ಟಿ ಹಿಂದೆ ಕೈ ತೋರಿಸಿದರು. “ನಿಮ್ಮ ತಂಗೂಸ್ ನೋಡಿ, ನೀರಿನ ಮೇಲೆ ಮಲಗಿದೆ.”

ನಿಜ. ರಾಡ್ ತುದಿಯಿಂದ ಹೊರಟ ತಂಗೂಸ್ ದಾರ ಎಷ್ಟೋ ದೂರ ನೀರಿಗೇ ತಾಗಿರಲಿಲ್ಲ. ಆಮೇಲೆ ಹೆಚ್ಚುಕಡಿಮೆ ಅಡ್ಡವಾಗಿಯೇ ಒಳಗೆ ಹೋಗಿತ್ತು. 40 ಮೀಟರ್ ಬಿಟ್ಟಿದ್ದೆವು. ಆ ಓರೆ ನೋಡಿದರೆ ಲ್ಯೂರ್ ನಾಲ್ಕೈದು ಮೀಟರ್ ಇಳಿದಿದ್ದರೆ ಹೆಚ್ಚು. ಇನ್ನೊಂದು ಗುಂಡು ಸೇರಿಸಿದೆವು. ಓರೆ ಸ್ವಲ್ಪ ಬದಲಾಯಿತು, ಅಷ್ಟೆ. ಇನ್ನೂ 30 ಮೀಟರ್ ದಾರ ಬಿಟ್ಟೆವು. ಅದರಿಂದಲೂ ಅಂಥ ಲಾಭ ಆಗಲಿಲ್ಲ, ಯಾಕಂದ್ರೆ ದಾರ ಉದ್ದವಾದಷ್ಟೂ ನೀರು ಹಿಡಿದು ಎಳೆಯುವುದೂ ಜಾಸ್ತಿ.

ಕೊನೆಗೆ ತಾಂಡೇಲರು ವೇಗವನ್ನು 3 ನಾಟ್‌ಗೆ ಇಳಿಸಿದರು. ನೋಡ್ತಾ ನೋಡ್ತಾ ದಾರ ಬಾಗಿ ನೀರೊಳಗೆ ಇಳಿಯಿತು. ಸೀಸ ಅದೇ, ದಾರ ಅದೇ.

ವೇಗ ಎರಡು ಪಟ್ಟಾದರೆ ನೀರಿನ ಎಳೆತ ಸುಮಾರು ನಾಲ್ಕು ಪಟ್ಟಾಗುತ್ತದೆ. ಸೀಸದ ತೂಕ ಮಾತ್ರ ಇದ್ದಷ್ಟೇ ಇರುತ್ತದೆ. ಹಾಗಾಗಿ ವೇಗದ ಮುಂದೆ ಸೀಸ ಸೋಲುತ್ತದೆ. ಎಷ್ಟೋ ವರ್ಷ ಸೀಸ ತೂಗಿ ಕೊಟ್ಟವನು ನಾನು. ಇದು ಗೊತ್ತಿಲ್ಲದೆ ಎಷ್ಟು ಜನರ ಭಾನುವಾರ ಹಾಳು ಮಾಡಿದ್ದೇನೋ ಅಂತ ಆವತ್ತು ಬಹಳ ಬೇಜಾರಾಯಿತು.

ವೇಗವಾಗಿ ಹೋಗಲೇಬೇಕು ಅಂದ್ರೆ ಪ್ಲೇನರ್ ಬೇಕು. ಅಂಗೈ ಅಗಲದ ತಗಡು, ಮೂತಿಗೆ ಸೀಸ. ನಾನು ಗಿರಾಕಿಗಳಿಗೆ ಹೇಳುವುದು ಹೀಗೆ: ಇದು ತಲೆಕೆಳಗಾದ ಗಾಳಿಪಟ. ಗಾಳಿ ಜೋರಾದಷ್ಟೂ ಪಟ ಮೇಲಕ್ಕೆ ಜಗ್ಗುತ್ತದೆ ಅಲ್ವಾ, ಇಲ್ಲಿ ನೀರು ಜೋರಾದಷ್ಟೂ ತಗಡು ಕೆಳಕ್ಕೆ ಜಗ್ಗುತ್ತದೆ. ಮೇಲೆತ್ತುವ ನೀರೇ ಇಲ್ಲಿ ಕೆಳಕ್ಕೂ ಒತ್ತುತ್ತದೆ, ಅದಕ್ಕೇ ವೇಗ ಹೆಚ್ಚಿದರೂ ಆಳ ಅಷ್ಟಾಗಿ ಕೆಡುವುದಿಲ್ಲ. ಮೀನು ಕಚ್ಚಿ ಎಳೆದಾಗ ತಗಡು ಮಗುಚಿಕೊಂಡು ಮೇಲೆ ಬರುತ್ತದೆ. ಆದರೆ ಇದರ ಜಗ್ಗಾಟ ಬಲು ಜೋರು. ತೆಳು ರಾಡ್ ಮೀನು ಬರುವ ಮುಂಚೆಯೇ ಪೂರ್ತಿ ಬಾಗಿರುತ್ತದೆ. ಗಟ್ಟಿ ರಾಡ್ ಇಲ್ಲದಿದ್ದರೆ ಬೇರೆ ಹಗ್ಗಕ್ಕೆ ಕಟ್ಟಿ ಬೋಟಿನ ಕೊಂಡಿಗೆ ಹಾಕುವುದೇ ವಾಸಿ.

ಮೂತಿಯಲ್ಲಿ ನಾಲಿಗೆಯಂಥ ಲಿಪ್ ಇರುವ ಲ್ಯೂರ್‌ಗಳೂ ಹಾಗೇ ಕೆಲಸ ಮಾಡುತ್ತವೆ. ರಾಪಾಲ ಕಂಪನಿಯ ಎಕ್ಸ್-ರ್‍ಯಾಪ್ ಮ್ಯಾಗ್ನಮ್ 30 ಅಂದರೆ ಸುಮಾರು 30 ಅಡಿ ಇಳಿಯುವಂಥದ್ದು. ದಪ್ಪ ನೈಲಾನ್ ದಾರ ಕಟ್ಟಿದರೆ ಮಾತ್ರ ಅಷ್ಟು ಇಳಿಯುವುದಿಲ್ಲ. ಅಷ್ಟೇ ಗಟ್ಟಿಯ ಬ್ರೇಡ್, ಅಂದರೆ ಹೆಣೆದ ದಾರ, ಬಹಳ ತೆಳು, ನೀರನ್ನು ಸುಲಭವಾಗಿ ಕುಯ್ಯುತ್ತದೆ. ತುದಿಗೆ ಒಂದು ತುಂಡು ತಂತಿ ಬೇಕೇಬೇಕು. ಸುರಮೈ ಹಲ್ಲಿಗೆ ಬ್ರೇಡ್ ಯಾವ ಲೆಕ್ಕ.

ಡೌನ್‌ರಿಗ್ಗರ್ ಕೇಳುವವರು ಕಡಿಮೆ. ಉಕ್ಕಿನ ತಂತಿಗೆ ನಾಲ್ಕೈದು ಕಿಲೋ ಗುಂಡು ಕಟ್ಟಿ ಇಳಿಸುವ ಯಂತ್ರ ಅದು, ನಿಧಾನ ಹೋಗುವವರಿಗೆ ಒಳ್ಳೆಯದು. ಅದರ ಮೀಟರ್ ತೋರಿಸುವುದು ಬಿಟ್ಟ ತಂತಿಯ ಉದ್ದವನ್ನು, ಆಳವನ್ನಲ್ಲ. 30 ಮೀಟರ್ ಬಿಟ್ಟು ತಂತಿ ಅರ್ಧಕ್ಕರ್ಧ ಓರೆಯಾಗಿದ್ದರೆ, ಅಂದರೆ 45 ಡಿಗ್ರಿ ಇದ್ದರೆ, ಗುಂಡು ಇರುವುದು ಸುಮಾರು 21 ಮೀಟರ್‌ನಲ್ಲಿ.

ಈಗ ಯಾರೇ ಬಂದು ಸೀಸ ಕೇಳಿದರೂ ಮೊದಲು ನಾನೇ ಕೇಳ್ತೇನೆ: ಬೋಟ್ ಎಷ್ಟು ವೇಗ ಹೋಗುತ್ತೆ? ದಾರ ಎಷ್ಟು ದಪ್ಪ? ಗೊತ್ತಿಲ್ಲ ಅಂದರೆ ಅಲ್ಲೇ ತಾಂಡೇಲರಿಗೆ ಫೋನ್ ಹಚ್ಚಿಸುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ನಿಷೇಧ, ಆಗ ಅಂಗಡಿಯಲ್ಲೂ ಸಮುದ್ರದ ಗಿರಾಕಿ ಇಲ್ಲ. ಆ ಎರಡು ತಿಂಗಳು ಹಳೇ ಗಿರಾಕಿಗಳ ರೀಲ್ ತರಿಸಿಕೊಂಡು, 10 ಮೀಟರ್‌ಗೆ ಒಂದರಂತೆ ದಾರಕ್ಕೆ ಬಣ್ಣದ ನೂಲು ಸುತ್ತಿ ಕೊಡ್ತೇನೆ. ಎಷ್ಟು ಬಿಟ್ಟಾಗ ಮೀನು ಕಚ್ಚಿತು ಅಂತ ಗೊತ್ತಾದರೆ ಮತ್ತೆ ಅಷ್ಟೇ ಬಿಡಬಹುದು. ಕಾಕಾ ಅವರ ರೀಲಿಗೆ ಮೊದಲ ನೂಲು ಕೆಂಪು, ಕಣ್ಣಿಗೆ ಚೆನ್ನಾಗಿ ಕಾಣಲಿ ಅಂತ.