ಮುಳ್ಳುಕಂಟಿಗೆ ಸಿಕ್ಕಿದ ಉಣ್ಣೆ

ಒಂಟೆಯ ಉಣ್ಣೆ ಕತ್ತರಿಸುವುದನ್ನು ಕಣ್ಣಾರೆ ನೋಡಬೇಕು ಅಂತಲೇ ಮಾರ್ಚ್‌ನಲ್ಲಿ ಕಛ್‌ಗೆ ಹೋಗಿದ್ದೆ. ಚಳ್ಳಕೆರೆ ಕಡೆಯವಳು ನಾನು. ಕುರಿ ಉಣ್ಣೆ, ಕರಿ ಕಂಬಳಿ, ಮಗ್ಗದ ಹಾಸು ನೂಲಿಗೆ ಹಚ್ಚುವ ಹುಣಸೆ ಬೀಜದ ಗಂಜಿಯ ವಾಸನೆ ಎಲ್ಲ ಅಜ್ಜಿ ಮನೆಯಲ್ಲೇ ಕಂಡವಳು. ಒಂಟೆ ಮಾತ್ರ ಹೊಸದು.

ಭುಜ್‌ನಿಂದ ಆಚೆ ಒಂದು ಹಳ್ಳಿ. ಒಂಟೆಯನ್ನು ಕೂರಿಸಿ, ಮುಂಗಾಲು ಕಟ್ಟಿ, ಇಬ್ಬರು ಕತ್ತರಿ ಹಿಡಿದು ಕೂತರು. ಡುಬ್ಬ, ಕುತ್ತಿಗೆ, ಹೆಗಲ ಮೇಲೆ ಕೂದಲು ಜಾಸ್ತಿ. ಅಷ್ಟು ದೊಡ್ಡ ಪ್ರಾಣಿಯಿಂದ ಒಂದು ಕಿಲೋ ಕೂಡ ಸಿಗಲಿಲ್ಲ! ಮಂಗೋಲಿಯಾದ ಎರಡು ಡುಬ್ಬದ ಒಂಟೆ ವರ್ಷಕ್ಕೆ ಸುಮಾರು 5 ಕಿಲೋ ಕೊಡುತ್ತದೆ, ಅಲ್ಲಿನ ಚಳಿ ಅಂಥದ್ದು.

ಮನೆಯ ಹಿರಿಯರು, ನಾನು ಕಾಕಾ ಅಂತಿದ್ದೆ, ಮರಿಯ ಉಣ್ಣೆಯನ್ನು ನನ್ನ ಅಂಗೈಗೆ ಇಟ್ಟರು. ಮೇಲಿನ ಕೂದಲು ಒರಟು, ಹಗ್ಗಕ್ಕೆ, ಚೀಲಕ್ಕೆ, ಜೀನು ಬಿಗಿಯುವ ಪಟ್ಟಿಗೆ ಆಗುತ್ತದೆ. ಒಳಗಿನದು ಮೆತ್ತಗೆ, ಬೆಲ್ಲದ ಬಣ್ಣ. ಅದಕ್ಕೆ ಇನ್ನೊಂದು ಬಣ್ಣ ಅದ್ದುವುದೇ ಬೇಡ.

"ಇದನ್ನು ಯಾರೂ ಕೇಳ್ತಿರಲಿಲ್ಲ ಬೇಟಾ, ಕಂಟಿಗೆ ಸಿಕ್ಕಿ ಹಾಳಾಗ್ತಿತ್ತು" ಅಂದರು.

ನನಗೆ ಆ ಮಾತು ತುಂಬಾ ಚುಚ್ಚಿತು. ನಮ್ಮ ಕಡೆಯೂ ಕುರಿ ಉಣ್ಣೆಯನ್ನು ಸುಮ್ನೆ ಬಿಸಾಡುವುದನ್ನು ನೋಡಿದ್ದೇನೆ. ಜೀಪು, ಟ್ರಾಕ್ಟರ್ ಬಂದ ಮೇಲೆ ಒಂಟೆಗೆ ಹೊರೆ ಹೊರುವ ಕೆಲಸ ಇಲ್ಲ, ಮೇಯುವ ಜಾಗವೂ ಕಮ್ಮಿಯಾಗುತ್ತಿದೆ, ಹಾಗಾಗಿ 2012ರ ಗಣತಿಯಲ್ಲಿ ದೇಶದಲ್ಲಿ 4 ಲಕ್ಷ ಇದ್ದ ಒಂಟೆಗಳು 2019ಕ್ಕೆ ಸುಮಾರು ಎರಡೂವರೆ ಲಕ್ಷಕ್ಕೆ ಇಳಿದವು. ಹಾಲನ್ನು ಈಗ ಡೈರಿಯವರು ಕೊಳ್ಳುತ್ತಾರೆ. ಉಣ್ಣೆಗೂ ನಾಲ್ಕು ಕಾಸು ಬಂದರೆ ಒಂಟೆ ಮಾರಲು ಮನಸ್ಸು ಬರಲ್ಲ. ಅಕ್ರಿಲಿಕ್ ಶಾಲಿಗೆ ಪೆಟ್ರೋಲಿಯಂ ಬೇಕು, ಹತ್ತಿಗೆ ಹೊಲ ಬೇಕು, ನೀರು ಬೇಕು. ಇದಕ್ಕೆ ಮುಳ್ಳುಗಿಡ ಮೇಯುವ ಒಂಟೆ ಇದ್ದರಾಯಿತು, ಅಲ್ವಾ?

ಕಾಕಾ ಮಾತಾಡುತ್ತಲೇ ತಕಲಿ ತಿರುಗಿಸುತ್ತಿದ್ದರು. "ನಿಮ್ಮ ಮನೆಯಲ್ಲಿ ಈಗ ಯಾರು ನೂಲ್ತಾರೆ?" ಅಂತ ಕೇಳಿದರು. ಅಜ್ಜಿ ಹೋದ ಮೇಲೆ ಯಾರೂ ಇಲ್ಲ ಅಂದೆ. ತಕಲಿಯನ್ನು ನನ್ನ ಕೈಗೆ ಕೊಟ್ಟರು. ಮೂರು ಸಲ ಎಳೆ ಕಿತ್ತು ಹೋಯಿತು. ನಾಲ್ಕನೇ ಸಲ ಒಂದು ಮೊಳ ಬಂತು. ಅದನ್ನು ಅವರೇ ಸುತ್ತಿ, ಗಂಟು ಹಾಕಿ, ನನ್ನ ಚೀಲಕ್ಕೆ ಹಾಕಿದರು.