ದರ್ಶಿನಿ ಹಿಂದಿನ ಡ್ರಮ್ಮು

ತಿಂಡಿ ಮುಗಿಸಿ ನಮ್ಮ ಬೀದಿಯ ದರ್ಶಿನಿ ಹಿಂದೆ ಹೋಗಿ ನೋಡಿದೆ.
ಗೊಬ್ಬರ ಮಾಡೋಕೆ ತೂತು ಕೊರೆದ ನೀಲಿ ಡ್ರಮ್ಮು. ಭಟ್ಟರು ಕಾಫಿ ಚರಟ, ಸೊಪ್ಪಿನ ದಂಟು, ಬಾಳೆಎಲೆ ಚೂರು ಸುರಿದು ಮೇಲೆ ತೆಂಗಿನ ನಾರಿನ ಪುಡಿ ಹರಡಿದರು.

"ಮೇಲೆ ಕೈ ಹಿಡಿದು ನೋಡಿ ಸಾರ್."
ಬಿಸಿ! ಬೆಂಕಿಯಿಲ್ಲ, ಕರೆಂಟಿಲ್ಲ. ಕಣ್ಣಿಗೆ ಕಾಣದ ಜೀವಿಗಳು ತಿಂದು ತಿಂದು ಎಬ್ಬಿಸಿದ ಕಾವು. ಚೆನ್ನಾಗಿ ಏರಿದರೆ 55 ಡಿಗ್ರಿ ದಾಟುತ್ತದೆ.
ವಾಸನೆ? ಕಾಫಿಯದೇ ಜಾಸ್ತಿ. ಸಾಂಬಾರು ಮಾತ್ರ ಬಸಿದು ಹಾಕಬೇಕು. ನೀರು ನಿಂತರೆ ಗಾಳಿಯಾಡದೆ ನಾರುತ್ತೆ.

ಇದೆಲ್ಲ ಪ್ಲಾಸ್ಟಿಕ್ ಜೊತೆ ಲಾರಿ ಹತ್ತಿದ್ದರೆ? ಬೆಂಗಳೂರಿನ ಕಸ ಸುರಿಯುತ್ತಿದ್ದ ಮಾವಳ್ಳಿಪುರ, ಮಂಡೂರಿನ ಜನ ವರ್ಷಗಟ್ಟಲೆ ಆ ನಾತದಲ್ಲೇ ಬದುಕಿದರು, ಅಲ್ವಾ? ಬೆಂಗಳೂರಿನ ಇಡ್ಲಿ ತಿಂದವರು ನಾವು.

ನಿಮ್ಮ ಏರಿಯಾದಲ್ಲಿ ಯಾವ ಹೋಟೆಲಿನವರು ಗೊಬ್ಬರ ಮಾಡುತ್ತಾರೆ, ಹೇಳಿ. ಭಾನುವಾರದ ತಿಂಡಿ ಅಲ್ಲೇ.